ಏಳನೇ ಖಾನೆ

ಕೆ.ಆರ್. ಪೇಟೆ
5 ಫೆಬ್ರವರಿ 2024

ಪ್ರೀತಿಯ ಶಾರದ ಮಿಸ್,

ನಮಸ್ಕಾರಗಳು. ಇಷ್ಟನ್ನು ಫೋನಿನಲ್ಲೇ ಹೇಳಿಬಿಡೋಣ ಎಂದುಕೊಂಡೆ. ಆದರೆ ಪುಸ್ತಕದ ಮಾತು ಬಂದರೆ ಸಾಕು, ನೀವು "ಕಾಗದ ಬರೆ" ಎಂದು ಫೋನ್ ಇಟ್ಟುಬಿಡುತ್ತೀರಿ. ಏಳನೇ ಕ್ಲಾಸಿನಲ್ಲಿ ನಮ್ಮಿಂದ ಕಾಗದ ಬರೆಸುತ್ತಿದ್ದಿರಿ, ನನಗೆ ಮೂವತ್ತನಾಲ್ಕು ತುಂಬಿದರೂ ಬರೆಸುತ್ತಿದ್ದೀರಿ. ಪಾಂಡವಪುರದ ಪೋಸ್ಟ್‌ಮನ್ನಿಗೆ ನಮ್ಮಿಬ್ಬರಿಂದಲೇ ಕೆಲಸ ಉಳಿದಿರಬೇಕು.

'ತೂಬಿನ ಮನೆ' ನಿನ್ನೆ ಸಂಜೆ ಆನ್‌ಲೈನಿಗೆ ಏರಿತು. ಬೇಕಾದವರು ಫೋನಿನಲ್ಲೇ ಓದಬಹುದು, ಪುಸ್ತಕವಾಗಿಯೇ ಬೇಕೆಂದರೆ ಅವರಿಗೊಂದು ಪ್ರತಿ ಅಚ್ಚು ಹಾಕಿ ಮನೆಗೆ ಕಳಿಸುತ್ತಾರೆ. ನಿಮ್ಮ ಐದು ನೋಟ್‌ಬುಕ್ಕು ಟೈಪ್ ಮಾಡಲು ನನಗೆ ನಾಲ್ಕು ತಿಂಗಳು ಹಿಡಿಯಿತು. ನನ್ನ ಕಂಪ್ಯೂಟರ್ ಅಂಗಡಿಗೆ ಬರುವ ಪಹಣಿ, ಆಧಾರ್ ತಿದ್ದುಪಡಿ, ಮದುವೆ ಕರೆಯೋಲೆಗಳ ನಡುವೆ ದಿನಕ್ಕೆರಡು ಪುಟ. ಕೊನೆಯಲ್ಲಿ, ತೂಬು ಕಾಯುವ ನೀರುಗಂಟಿಯ ಹೆಂಡತಿ ಕೆಂಪಿ ತೊಣ್ಣೂರು ಕೆರೆಗೆ ಇಳಿಯುವ ಅಧ್ಯಾಯ ಟೈಪ್ ಮಾಡುವಾಗ ನನಗೆ ಅಳು ತಡೆಯಲಾಗಲಿಲ್ಲ. ಪಹಣಿಗೆ ಬಂದಿದ್ದ ಶಿವಣ್ಣ ಗಾಬರಿಯಾಗಿ, "ಯಾಕವ್ವ, ಸರ್ವರ್ ಓಯ್ತಾ?" ಎಂದು ಕೇಳಿದರು.

ಈಗ ಒಂದು ಕೆಲಸ ಉಳಿದಿದೆ. ಪುಸ್ತಕದ ವಿವರ ತುಂಬುವ ಫಾರಂನಲ್ಲಿ ಕೀವರ್ಡ್ ಎಂದು ಏಳು ಖಾನೆ ಕೊಟ್ಟಿದ್ದಾರೆ. ಓದುವವರು ಏನೆಂದು ಹುಡುಕಿದರೆ ನಮ್ಮ ಪುಸ್ತಕ ಎದುರಿಗೆ ಬರಬೇಕೋ ಆ ಮಾತುಗಳನ್ನು ಅಲ್ಲಿ ತುಂಬಬೇಕು. ಓದುಗರಿಗೆ ಕಾಣುವುದಿಲ್ಲ, ಯಂತ್ರಕ್ಕೆ ಮಾತ್ರ ಗೊತ್ತು. ನಾನು ಸದ್ಯಕ್ಕೆ ಬರೆದುಕೊಂಡಿರುವುದು: ಕನ್ನಡ ಕಾದಂಬರಿ, ಸಾಮಾಜಿಕ ಕಾದಂಬರಿ, ಮಂಡ್ಯ ಸೀಮೆಯ ಕತೆ, ಹಳ್ಳಿ ಕತೆ, ಮಹಿಳಾ ಪ್ರಧಾನ ಕಾದಂಬರಿ, ಕಣ್ಣೀರು ತರಿಸುವ ಕತೆ. ಏಳನೆಯದು 'ಕನ್ನಡ ಕಾದಂಬರಿ' ಎನ್ನುವುದನ್ನೇ ಇಂಗ್ಲಿಷ್ ಅಕ್ಷರದಲ್ಲಿ. ಜನ ಹುಡುಕುವುದು ಹಾಗೆಯೇ, ನೀವು ಬೈದರೂ ಅಷ್ಟೆ.

ಒಪ್ಪಿಗೆ ಕೊಟ್ಟರೆ ತುಂಬುತ್ತೇನೆ. ಅನಂತರಾಮು ಸರ್‌ಗೆ ನನ್ನ ನಮಸ್ಕಾರ ಹೇಳಿ.

ನಿಮ್ಮ ಕೆಂಪು ಶಾಯಿಗೆ ಇನ್ನೂ ಹೆದರುವ,
ದೀಪ


ಪಾಂಡವಪುರ
14 ಫೆಬ್ರವರಿ 2024

ಚಿ. ದೀಪಳಿಗೆ,

ಆಶೀರ್ವಾದಗಳು. ನಿನ್ನ ಕಾಗದವನ್ನು ತಿದ್ದಿ ಇದರ ಜೊತೆ ಇಟ್ಟಿದ್ದೇನೆ. ಎರಡೇ ತಪ್ಪು, ಸುಧಾರಿಸಿದ್ದೀಯೆ.

ಕೀವರ್ಡ್ ಎನ್ನುವುದಕ್ಕೆ ನಾನು ಹುಡುಕುಪದ ಎಂದು ಹೆಸರಿಟ್ಟುಕೊಂಡಿದ್ದೇನೆ, ನೀನು ಏನಾದರೂ ಕರೆದುಕೋ. ನಿನ್ನ ಏಳನ್ನೂ ಹೊಡೆದು ಹಾಕಿದ್ದೇನೆ. ಬೇಸರ ಮಾಡಿಕೊಳ್ಳಬೇಡ. 'ಹಳ್ಳಿ ಕತೆ' ಎಂದು ಹುಡುಕಿದವರಿಗೆ ಸಾವಿರ ಪುಸ್ತಕ ಸಿಗುತ್ತವೆ, ಅವರು ನನ್ನದನ್ನು ಯಾಕೆ ಮುಟ್ಟುತ್ತಾರೆ? ಇವನ್ನು ತುಂಬು.

ಸೋಪಾನಕಟ್ಟೆಯ ಮೂರನೇ ಮೆಟ್ಟಿಲು. ಕಿರಂಗೂರಿನಿಂದ ಸ್ಕೂಲಿಗೆ ನಡೆದು ಬರುವ ಹುಡುಗಿ. ಮಧ್ಯಾಹ್ನದ ಬಿಡುವಿನಲ್ಲಿ ಹೇಳಿದ ಕತೆ. ಉಪ್ಪು ಖಾರ ಹಚ್ಚಿದ ಸೀಬೆಕಾಯಿ. ಒಂದೇ ರಿಬ್ಬನ್ನು ಹರಿದು ಇಬ್ಬರಿಗೆ. ನೀರುಗಂಟಿಯ ಹೆಂಡತಿ ಎಲ್ಲಿಗೆ ಹೋದಳು.

ಆರಾಯಿತು. ಏಳನೆಯದು ಸದ್ಯಕ್ಕೆ ಖಾಲಿ ಇರಲಿ, ಯೋಚಿಸುತ್ತಿದ್ದೇನೆ.

ಯಜಮಾನರು ನಿನ್ನ ನಮಸ್ಕಾರ ಸ್ವೀಕರಿಸಿ, ಅಂಗಡಿಗೆ ಒಂದು ಒಳ್ಳೆ ಫ್ಯಾನು ಹಾಕಿಸಿಕೋ ಎಂದಿದ್ದಾರೆ. ತಾಲ್ಲೂಕಾಫೀಸಿನಿಂದ ನಿವೃತ್ತರಾದ ಮೇಲೆ ಅವರ ಸಲಹೆ ಕೇಳುವವರು ಕಡಿಮೆಯಾಗಿದ್ದಾರೆ, ಹಾಕಿಸಿದೆ ಎಂದು ಹೇಳಿಬಿಡು.

ಶುಭವಾಗಲಿ,
ಶಾರದ


ಕೆ.ಆರ್. ಪೇಟೆ
11 ಮಾರ್ಚ್ 2024

ಪ್ರೀತಿಯ ಮಿಸ್,

ನೀವು ಹೇಳಿದ ಹಾಗೆ ಒಂದಕ್ಷರ ಬದಲಿಸದೆ ತುಂಬಿದೆ. ಇವತ್ತಿಗೆ ಸರಿಯಾಗಿ ಮೂರು ವಾರ. ಎರಡು ಪುಸ್ತಕ ಹೋಗಿವೆ. ಒಂದು ನಾನು ತರಿಸಿಕೊಂಡಿದ್ದು. ಇನ್ನೊಂದು ಪಾಂಡವಪುರದ ಪಿನ್‌ಕೋಡಿಗೆ ಹೋಗಿದೆ, ಕೊಂಡವರ ಹೆಸರು ನನಗೆ ಕಾಣುವುದಿಲ್ಲ. ಆದರೆ ಹಿಂದಿನ ದಿನವೇ ಸರ್ ನನಗೆ ಫೋನ್ ಮಾಡಿ, "ನಿಮ್ಮ ಮೇಡಂಗೆ ಗೊತ್ತಾಗದ ಹಾಗೆ ಆರ್ಡರ್ ಹಾಕುವುದು ಹೇಗಮ್ಮ" ಎಂದು ಕೇಳಿದ್ದರು. ನಾನು ಹೇಳಿದೆನೆಂದು ಹೇಳಬೇಡಿ.

'ಉಪ್ಪು ಖಾರ ಹಚ್ಚಿದ ಸೀಬೆಕಾಯಿ' ಎಂದು ನಾನೇ ಹುಡುಕಿ ನೋಡಿದೆ. ಮೊದಲು ಉಪ್ಪಿನಕಾಯಿ ಬಾಟಲಿ ಬಂತು, ಆಮೇಲೆ ಚಾಟ್ ಮಸಾಲೆ ಪೊಟ್ಟಣ, ಅದರ ಪಕ್ಕ ನಮ್ಮ ಕೆಂಪಿ. ನಕ್ಕು ನಕ್ಕು ಸಾಕಾಯಿತು, ಆಮೇಲೆ ಬೇಜಾರಾಯಿತು. ಮೂರನೇ ಮೆಟ್ಟಿಲು ಎಂದು ಇಡೀ ಭೂಮಿಯ ಮೇಲೆ ಯಾರು ಹುಡುಕುತ್ತಾರೆ, ಮಿಸ್?

ರಾತ್ರಿ ಊಟಕ್ಕೆ ಕೂತಾಗ ನನಗೆ ಹೊಳೆಯಿತು. ಇವು ಎಲ್ಲ ಓದುಗರಿಗೆ ಬರೆದ ಮಾತುಗಳಲ್ಲ. ಒಬ್ಬರೇ ಒಬ್ಬರಿಗೆ ಗೊತ್ತಿರುವ ಮಾತುಗಳು. ಹೌದೋ ಅಲ್ಲವೋ? ಅವರು ಯಾರು ಎಂದು ಕೇಳುವ ಸಲಿಗೆ ನನಗಿದೆ ಎಂದುಕೊಂಡು ಕೇಳುತ್ತಿದ್ದೇನೆ.

ಉತ್ತರ ಬರದಿದ್ದರೂ ಕೋಪಿಸಿಕೊಳ್ಳದ,
ದೀಪ


ಪಾಂಡವಪುರ
20 ಮಾರ್ಚ್ 2024

ಚಿ. ದೀಪ,

ಫೋನಿನಲ್ಲಾದರೆ ನಾನು ಸುಳ್ಳು ಹೇಳಿ ಮಾತು ತಿರುಗಿಸುತ್ತಿದ್ದೆ. ಕಾಗದದ ಮುಂದೆ ಕೂತರೆ ಆಗುವುದಿಲ್ಲ, ಅದಕ್ಕೇ ಕಾಗದ ಬರೆ ಎನ್ನುವುದು.

ಅವಳ ಹೆಸರು ಪುಟ್ಟಲಕ್ಷ್ಮಿ. ಕಿರಂಗೂರಿನವಳು. ನಾನು ಶ್ರೀರಂಗಪಟ್ಟಣದ ಕೋಟೆಯೊಳಗಿನ ಹುಡುಗಿ, ನಮ್ಮಪ್ಪ ದೇವಸ್ಥಾನದ ಪಾರುಪತ್ತೇದಾರರ ಕಚೇರಿಯಲ್ಲಿ ಗುಮಾಸ್ತರು. ಹೈಸ್ಕೂಲಿನಲ್ಲಿ ಇಬ್ಬರೂ ಒಂದೇ ಬೆಂಚು. ಮಧ್ಯಾಹ್ನದ ಬಿಡುವಿನಲ್ಲಿ ನದಿ ದಡದ ಸೋಪಾನಕಟ್ಟೆಯ ಮೆಟ್ಟಿಲ ಮೇಲೆ ಕೂತು ಅವಳು ಕತೆ ಹೇಳುತ್ತಿದ್ದಳು. ಅವಳಿಗೆ ಬರೆಯುವುದೆಂದರೆ ಆಗದು, ನನಗೆ ಹೇಳುವುದಕ್ಕೆ ಬಾರದು. ಅವಳು ಹೇಳುವುದು, ನಾನು ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆಯುವುದು. ಎರಡು ವರ್ಷ ಹೀಗೇ ನಡೆಯಿತು. ಆ ಎರಡು ವರ್ಷದಷ್ಟು ಸುಖವಾಗಿ ನಾನು ಮತ್ತೆ ಬದುಕಿಲ್ಲ, ಇದನ್ನು ಯಜಮಾನರಿಗೂ ಹೇಳಿದ್ದೇನೆ.

ಕೆಂಪಿಯ ಕತೆ ಅವಳದು. ಒಂಬತ್ತನೇ ಕ್ಲಾಸಿನಲ್ಲಿ ಜಿಲ್ಲೆಯ ಕಥಾ ಸ್ಪರ್ಧೆ ಬಂದಾಗ ನಾನು ಆ ಕತೆಯನ್ನು ಚೆಂದ ಮಾಡಿ ಬರೆದು ನನ್ನ ಹೆಸರಿನಲ್ಲಿ ಕಳಿಸಿದೆ. ಮೊದಲ ಬಹುಮಾನ ಬಂತು. ಸ್ಕೂಲ್ ಡೇ ದಿನ ಹೆಡ್‌ಮಾಸ್ಟರು ಅದನ್ನು ಮೈಕಿನಲ್ಲಿ ಓದಿದರು. ಪುಟ್ಟಲಕ್ಷ್ಮಿ ಎರಡನೇ ಸಾಲಿನಲ್ಲಿ ಕೂತಿದ್ದಳು. ಕತೆ ಮುಗಿದ ಕೂಡಲೇ ಎದ್ದು ಹೋದವಳು ನನ್ನ ಜೊತೆ ಮತ್ತೆ ಮಾತನಾಡಲಿಲ್ಲ. ಆ ಬೇಸಿಗೆಯಲ್ಲಿ ಅವಳನ್ನು ಸ್ಕೂಲು ಬಿಡಿಸಿದರು. ಆಮೇಲೆ ಮದುವೆಯಾಗಿ ನಾಗಮಂಗಲಕ್ಕೆ ಹೋದಳು.

ನಾನು ಮೇಷ್ಟರಾದೆ. ಮೂವತ್ತೈದು ವರ್ಷ ಮಕ್ಕಳಿಗೆ, ಇನ್ನೊಬ್ಬರ ನೋಟ್‌ಬುಕ್ಕು ನೋಡಿ ಬರೆಯಬೇಡಿ ಎಂದು ಹೇಳಿದೆ. ಪ್ರತಿಸಲ ಹೇಳುವಾಗಲೂ ಅವಳು ಎದ್ದು ಹೋದದ್ದು ಕಾಣುತ್ತಿತ್ತು. ನಿವೃತ್ತಿಯಾದ ಮೇಲೆ ಆ ಕತೆಯನ್ನೇ ಪೂರ್ತಿಯಾಗಿ ಬರೆದೆ. ಅವಳು ಎಲ್ಲಾದರೂ ಓದಲಿ, ನನ್ನನ್ನು ಕ್ಷಮಿಸಲಿ ಎಂಬುದೊಂದೇ ಆಸೆ. ನನಗೆ ಬೇರೆ ಓದುಗರು ಬೇಡ.

ಏಳನೇ ಖಾನೆಯಲ್ಲಿ ಅವಳ ಹೆಸರನ್ನೇ ಹಾಕು. ಮನುಷ್ಯರು ಎಂದಾದರೂ ತಮ್ಮ ಹೆಸರನ್ನು ತಾವೇ ಹುಡುಕಿ ನೋಡುತ್ತಾರಂತಲ್ಲ.

ನಿನ್ನ ಮಿಸ್ ಎನ್ನಿಸಿಕೊಳ್ಳಲು ಇವತ್ತು ನಾಚಿಕೆಯಾಗುತ್ತಿರುವ,
ಶಾರದ


ಕೆ.ಆರ್. ಪೇಟೆ
27 ಮಾರ್ಚ್ 2024

ಪ್ರೀತಿಯ ಮಿಸ್, ಪ್ರೀತಿಯ ಮಿಸ್,

ಎರಡು ಸಲ ಬೇಕೆಂದೇ ಬರೆದೆ, ಕೆಂಪು ಗೀಟು ಹಾಕಬೇಡಿ.

ನೀವು ಹೇಳಿದ ಹೆಸರು ತುಂಬುವ ಮೊದಲು ಆ ಸೈಟಿನ ನಿಯಮಗಳನ್ನು ಓದಿದೆ. ಇನ್ನೊಬ್ಬ ಲೇಖಕರ ಹೆಸರನ್ನು ಕೀವರ್ಡ್ ಖಾನೆಯಲ್ಲಿ ಹಾಕಬಾರದು ಎಂದಿದೆ. ಹೆಸರುವಾಸಿಯಾದವರ ಬೆನ್ನು ಹತ್ತಿ ಪುಸ್ತಕ ಮಾರುವವರು ಇದ್ದಾರಲ್ಲ, ಅವರಿಗಾಗಿ ಮಾಡಿದ ನಿಯಮ. ಪುಟ್ಟಲಕ್ಷ್ಮಿಯವರು ಲೇಖಕರಲ್ಲವಾದ್ದರಿಂದ ಹಾಕಿದರೆ ನಡೆದುಹೋಗುತ್ತದೆ ಎಂದು ನನ್ನ ಅಂದಾಜು. ಹಾಕಲೇ?

ಇನ್ನೊಂದು ಮಾತು. ಬೈದರೆ ಬೈಸಿಕೊಳ್ಳುತ್ತೇನೆ. ಅರವತ್ತು ದಾಟಿದ ಹೆಂಗಸು, ನಾಗಮಂಗಲದಲ್ಲಿ ಕೂತು, ಪುಸ್ತಕದಂಗಡಿಯ ಸೈಟಿಗೆ ಹೋಗಿ, ತನ್ನ ಹೆಸರನ್ನು ಟೈಪ್ ಮಾಡಿ, ನಿಮ್ಮ ಕಾದಂಬರಿ ನೋಡಿ, ಕೊಂಡು, ಓದಿ, ಕ್ಷಮಿಸಬೇಕು. ಇಷ್ಟೆಲ್ಲ ಆಗಲೆಂದು ನೀವು ಕಾಯುತ್ತಿದ್ದೀರಿ. ಪಾಂಡವಪುರದಿಂದ ನಾಗಮಂಗಲಕ್ಕೆ ಜಕ್ಕನಹಳ್ಳಿ ಮೇಲೆ ಒಂದೇ ಬಸ್ಸು. ಈಗಂತೂ ಆಧಾರ್ ಕಾರ್ಡು ತೋರಿಸಿದರೆ ಹೆಂಗಸರನ್ನು ಪುಕ್ಕಟೆ ಕರೆದುಕೊಂಡು ಹೋಗುತ್ತಾರೆ. ನಿಮ್ಮ ಆಧಾರಿನಲ್ಲಿ ಫೋಟೋ ಸರಿಯಿಲ್ಲ ಎಂದು ನೆಪ ಹೇಳಬೇಡಿ, ಅದನ್ನು ತಿದ್ದಿಕೊಟ್ಟವಳು ನಾನೇ.

ನಿಮ್ಮಿಂದ ಕಲಿತದ್ದರಲ್ಲಿ ಜೋರು ಬಾಯಿಯೂ ಒಂದು,
ದೀಪ


ಕೆ.ಆರ್. ಪೇಟೆ
15 ಮೇ 2024

ಮಿಸ್,

ಏಳು ವಾರವಾಯಿತು, ಕಾಗದವಿಲ್ಲ. ನನ್ನ ಹಿಂದಿನ ಕಾಗದ ಹೆಚ್ಚಾಯಿತು ಎನಿಸುತ್ತಿದೆ. ಸರ್‌ಗೆ ಫೋನ್ ಮಾಡಿದರೆ, "ಚೆನ್ನಾಗಿದ್ದಾಳಮ್ಮ, ಆದರೆ ಮನೇಲಿ ಅಡುಗೆಗೆ ಉಪ್ಪು ಬೀಳ್ತಿಲ್ಲ" ಎಂದರು.

ಏಳನೇ ಖಾನೆಯಲ್ಲಿ ನಾನು ಏನೂ ಹಾಕಿಲ್ಲ. ನೀವು ಹೇಳುವವರೆಗೂ ಹಾಕುವುದಿಲ್ಲ. ನೀವು ಹೋಗದಿದ್ದರೂ ನನ್ನ ಮಿಸ್ಸೇ. ಅಷ್ಟು ತಿಳಿಸೋಣವೆಂದು ಬರೆದೆ.

ದೀಪ


ಪಾಂಡವಪುರ
24 ಮೇ 2024

ಚಿ. ದೀಪ,

ಹೋಗಿ ಬಂದೆ. ಒಂದು ದಿನಕ್ಕೆಂದು ಹೋದವಳು ನಾಲ್ಕು ದಿನ ಇದ್ದು ಬಂದೆ.

ನಿನ್ನ ಬೈಗುಳ ಓದಿದ ಮೇಲೆ ಮೂರು ಸಲ ಬಸ್‌ಸ್ಟ್ಯಾಂಡಿಗೆ ಹೋಗಿ ವಾಪಸ್ ಬಂದಿದ್ದೆ. ನಾಲ್ಕನೇ ಸಲ ಯಜಮಾನರು ಜೊತೆಗೆ ಬಂದು, ನನ್ನನ್ನು ಬಸ್ಸು ಹತ್ತಿಸಿ, ಅದು ಹೊರಡುವವರೆಗೂ ಬಾಗಿಲ ಹತ್ತಿರವೇ ನಿಂತಿದ್ದರು. ನಾನು ಇಳಿದುಬಿಡುತ್ತೇನೆಂದು ಅವರಿಗೆ ಗೊತ್ತಿತ್ತು.

ಪುಟ್ಟಲಕ್ಷ್ಮಿ ಈಗ ಪುಟ್ಟಲಕ್ಷ್ಮಮ್ಮ. ನಾಗಮಂಗಲದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಗಂಡ ತೀರಿಹೋದ ಮೇಲೆ ಅವಳೂ ಮಗ ಚಲುವರಾಜುವೂ ಅದನ್ನು ನೋಡಿಕೊಳ್ಳುತ್ತಾರೆ. ನಾನು ಹೋದಾಗ ರಾಗಿ ಬೀಸುತ್ತಿದ್ದಳು, ರೆಪ್ಪೆಯ ಮೇಲೆಲ್ಲ ಹಿಟ್ಟು. ಮಿಷನ್ನಿನ ಸದ್ದಿಗೆ ನನ್ನ ಮಾತು ಕೇಳಿಸಲಿಲ್ಲ. ಪುಸ್ತಕ ಮುಂದಕ್ಕೆ ಹಿಡಿದೆ. ರಕ್ಷಾಪುಟ ನೋಡಿದಳು, ನನ್ನ ಮುಖ ನೋಡಿದಳು, ಸ್ವಿಚ್ಚು ಆರಿಸಿದಳು.

"ಶಾರದ ಅಲ್ವಾಮ್ಮಿ?"

ನಾನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತು ಅತ್ತುಬಿಟ್ಟೆ. ಕತೆ ನಿನ್ನದು, ಹೆಸರು ನನ್ನದು ಹಾಕಿಕೊಂಡೆ, ತಪ್ಪಾಯಿತು ಎಂದೆ. ಅವಳು ಪುಸ್ತಕದ ಕೊನೆಯ ಪುಟಗಳನ್ನು ತಿರುವಿ, ಅಲ್ಲೇ ರಾಗಿ ಮೂಟೆಯ ಮೇಲೆ ಕೂತು ಓದಿದಳು. ಆಮೇಲೆ ಮುಚ್ಚಿ ನನ್ನ ಕೈಗೆ ಕೊಟ್ಟಳು.

"ಎಸ್ರು ಬುಡು ಅತ್ಲಾಗೆ. ಅವ್ಳ್ನ ಯಾಕೆ ತಿರ್ಗಾ ಸಾಯಿಸ್ದೆ?"

ನನಗೆ ಅರ್ಥವಾಗಲಿಲ್ಲ.

"ಕೆಂಪಿ ಅಂತ ಏಳಿದ್ನಲ್ಲ, ಅವ್ಳು ನಮ್ ಚಿಕ್ಕಮ್ಮ ಕಣಮ್ಮಿ. ಒಡ್ತ ತಡೀನಾರ್ದೆ ಗಂಡನ್ ಮನೆ ಬುಟ್ಟೋದ್ಲು. ಊರೋರೆಲ್ಲ ಕೆರೆಗ್ ಬಿದ್ಲು, ಕೆರೆಗ್ ಬಿದ್ಲು ಅಂತಿದ್ರು. ಅವ್ಳು ಏರಿ ಮೇಲೆ ನಡ್ಕಂಡು ಓಗಿದ್ದ ನೋಡಿದ್ದು ನಾನೊಬ್ಳೇ. ಬದುಕವ್ಳೆ ಅಂತ ಏಳ್ಕಂಡಿದ್ದು ನಿಂಗೊಬ್ಳಿಗೇ. ನೀನು ಮೈಕಲ್ಲಿ ಅವ್ಳ್ನ ಕೆರೆಗ್ ತಳ್ಬುಟ್ಟೆ. ನೀನೂ ಊರೋರ್ ತರಾನೇ ಅನ್ಕಂಡೆ."

ದೀಪ, ನಲವತ್ತೈದು ವರ್ಷ ನಾನು ಬೇರೆ ತಪ್ಪಿಗೆ ಸಂಕಟಪಟ್ಟಿದ್ದೇನೆ. ಅವಳ ಕತೆಯಲ್ಲಿ ಕೆಂಪಿ ಕೆರೆ ಏರಿ ದಾಟಿ ಹೋಗುತ್ತಾಳೆ, ಅಲ್ಲಿಗೆ ಮುಗಿಯುತ್ತದೆ. ಹುಡುಗಿಯಾಗಿದ್ದ ನನಗೆ ಅದು ಸಪ್ಪೆ ಎನಿಸಿತ್ತು. ಸತ್ತರೆ ಓದಿದವರು ಅಳುತ್ತಾರೆ, ಅತ್ತರೆ ಬಹುಮಾನ ಬರುತ್ತದೆ ಎಂದು ಲೆಕ್ಕ ಹಾಕಿದೆ. ಅರವತ್ತನೇ ವಯಸ್ಸಿನಲ್ಲಿ ಕೂತು ಬರೆದಾಗಲೂ ಯೋಚಿಸದೆ ಅವಳನ್ನು ಮತ್ತೆ ಮುಳುಗಿಸಿದೆ.

ಆ ಚಿಕ್ಕಮ್ಮ ಚನ್ನರಾಯಪಟ್ಟಣದಲ್ಲಿ ಇಡ್ಲಿ ಮಾರಿಕೊಂಡು, ಇನ್ನೊಬ್ಬರ ಎರಡು ಮಕ್ಕಳನ್ನು ಸಾಕಿ, ಎಂಬತ್ತೆರಡು ವರ್ಷ ಬದುಕಿದ್ದಳಂತೆ. ನಾಲ್ಕು ವರ್ಷದ ಹಿಂದೆ ತೀರಿಕೊಂಡಳು. ಪುಟ್ಟಲಕ್ಷ್ಮಿ ಪ್ರತಿ ಯುಗಾದಿಗೂ ಯಾರಿಗೂ ಹೇಳದೆ ಹೋಗಿ ನೋಡಿ ಬರುತ್ತಿದ್ದಳು.

"ನಿನ್ನ ಹೆಸರನ್ನೂ ಪುಸ್ತಕದ ಮೇಲೆ ಹಾಕಿಸುತ್ತೇನೆ" ಎಂದೆ.

"ಅವ್ಳು ಬದುಕಂಡ್ರೆ ಆಕು. ಸತ್ರೆ ನನ್ ಎಸ್ರು ಬ್ಯಾಡ" ಎಂದಳು.

ಅದಕ್ಕೇ ನಾಲ್ಕು ದಿನ ಉಳಿದೆ. ಅಲ್ಲಿ ಕರೆಂಟು ಹೋಗಿ ಬಂದು ಮಾಡುತ್ತದೆ. ಕರೆಂಟು ಇದ್ದಾಗ ಅವಳು ಗಿರಣಿ ಓಡಿಸಿದಳು, ಹೋದಾಗ ಬಂದು ಕೂತು ಹೇಳಿದಳು, ನಾನು ಬರೆದೆ. ಕೋಪ ಪೂರ್ತಿ ಇಳಿದಿಲ್ಲ. ಮಾತಿನ ಮಧ್ಯೆ ಇದ್ದಕ್ಕಿದ್ದ ಹಾಗೆ ಎದ್ದು ಹೋಗಿ ಜರಡಿ ಹಿಡಿಯುತ್ತಾಳೆ, ನಾನು ಪೆನ್ನು ಕೆಳಗಿಟ್ಟು ಕಾಯುತ್ತೇನೆ. ಆದರೆ ಹೊರಡುವ ದಿನ ಎರಡು ಸೇರು ರಾಗಿಹಿಟ್ಟು ಕಟ್ಟಿಕೊಟ್ಟಳು, ಮುಂದಿನ ತಿಂಗಳು ಬರದಿದ್ದರೆ ನೋಡು ಎಂದಳು.

ಆ ಸೈಟಿನವರ ನಿಯಮ ಸರಿಯಾಗಿದೆ. ಇನ್ನೊಬ್ಬ ಲೇಖಕರ ಹೆಸರು ಹುಡುಕುಪದವಾಗಬಾರದು. ಅವಳ ಹೆಸರನ್ನು ಲೇಖಕರ ಜಾಗದಲ್ಲಿ, ನನ್ನದಕ್ಕಿಂತ ಮೇಲೆ ಹಾಕು. ಹೊಸ ಕೊನೆಯ ಅಧ್ಯಾಯ ಇದರ ಜೊತೆಗಿದೆ. ಹಳೆಯದನ್ನು ಇವತ್ತೇ ತೆಗೆದುಬಿಡು.

ನಿನಗೆ ಎಷ್ಟು ಹೇಳಿದರೂ ಸಾಲದು. ನಿನ್ನನ್ನು ಓದಿಸಿದೆ ಎಂದು ಹೆಮ್ಮೆಪಡುವ,
ಶಾರದ


ಕೆ.ಆರ್. ಪೇಟೆ
3 ಜೂನ್ 2024

ಪ್ರೀತಿಯ ಶಾರದ ಮಿಸ್ಸಿಗೂ ಪುಟ್ಟಲಕ್ಷ್ಮಮ್ಮನವರಿಗೂ,

ಒಂದೇ ಕಾಗದ ಬರೆದು ಎರಡು ಊರಿಗೂ ಕಳಿಸುತ್ತಿದ್ದೇನೆ. ಹಳೆಯ ಪುಸ್ತಕ ತೆಗೆದೆ. ಹೊಸ ಅಧ್ಯಾಯವನ್ನು ಶನಿವಾರ ಅಂಗಡಿ ಬಾಗಿಲು ಎಳೆದುಕೊಂಡು ಒಂದೇ ಉಸಿರಿಗೆ ಟೈಪ್ ಮಾಡಿದೆ. ಕೆಂಪಿ ಏರಿಯ ಆ ತುದಿಗೆ ಹೋಗಿ, ಕಾಲಿಗೆ ಚುಚ್ಚಿದ ಮುಳ್ಳು ತೆಗೆದು, ತಿರುಗಿ ನೋಡದೆ ನಡೆಯುತ್ತಾಳಲ್ಲ, ಅಲ್ಲಿಗೆ ಬಂದಾಗ ಎದ್ದು ಒಂದು ಲೋಟ ನೀರು ಕುಡಿದೆ. ಇಷ್ಟು ದಿನ ಅವಳು ಸತ್ತದ್ದಕ್ಕೆ ಅತ್ತಿದ್ದೆ ಎಂದುಕೊಂಡು ನನಗೇ ಸಿಟ್ಟು ಬಂತು.

ಲೇಖಕರ ಜಾಗದಲ್ಲಿ ಇಬ್ಬರ ಹೆಸರೂ ಇದೆ, ಪುಟ್ಟಲಕ್ಷ್ಮಮ್ಮನವರದು ಮೇಲೆ. 'ಕಣ್ಣೀರು ತರಿಸುವ ಕತೆ' ಎಂದು ನಾನು ಮೊದಲು ಬರೆದಿದ್ದೆನಲ್ಲ, ನೀವು ಹೊಡೆದು ಹಾಕಿದ್ದು ಒಳ್ಳೆಯದಾಯಿತು. ಮೂರನೇ ಮೆಟ್ಟಿಲು, ಸೀಬೆಕಾಯಿ, ರಿಬ್ಬನ್ನು ಹಾಗೇ ಇರಲಿ. ಯಾರೂ ಹುಡುಕದಿದ್ದರೆ ಹುಡುಕದೆ ಹೋಗಲಿ.

ಏಳನೇ ಖಾನೆ ಮಾತ್ರ ಇನ್ನೂ ಖಾಲಿ. ಅದನ್ನು ಪುಟ್ಟಲಕ್ಷ್ಮಮ್ಮನವರೇ ತುಂಬಲಿ ಎಂದು ನನ್ನ ಆಸೆ. ಅಮ್ಮ, ಈ ಪುಸ್ತಕ ಬೇಕಾಗಿದ್ದರೆ ನೀವು ಫೋನಿನಲ್ಲಿ ಏನೆಂದು ಹುಡುಕುತ್ತಿದ್ದಿರಿ?

ನಿಮ್ಮಿಬ್ಬರ ಟೈಪಿಸ್ಟು,
ದೀಪ


ನಾಗಮಂಗಲ
16 ಜೂನ್ 2024

ದೀಪವ್ವನಿಗೆ ಪುಟ್ಟಲಕ್ಷ್ಮಮ್ಮ ಮಾಡುವ ಆಶೀರ್ವಾದ. ನಾವು ಕ್ಷೇಮ, ನೀನೂ ಕ್ಷೇಮ ಅಂದ್ಕಂಡಿದೀನಿ.

ಕಾಗದ ಬರೆದು ಬಾಳ ವರ್ಷ ಆಯ್ತು, ಅಕ್ಷರ ಓರೆಕೋರೆ ಇದ್ದಾವು. ಶಾರದಂಗೆ ತೋರಿಸಬ್ಯಾಡ, ತಿದ್ದಾಕೆ ಕೂತ್ಕತಳೆ.

ನಾನು ಫೋನಲ್ಲಿ ಟೈಪ್ ಮಾಡಾಕಿಲ್ಲ ಕಣವ್ವ, ಕೈಯೆಲ್ಲ ಹಿಟ್ಟಾಗಿರ್ತದೆ. ಮೈಕಿನ ಗುರುತು ಒತ್ತಿ ಬಾಯಲ್ಲಿ ಕೇಳ್ತೀನಿ. ನಿನ್ನ ಕಾಗದ ಬಂದ ದಿವಸ ರಾಗಿ ಬೀಸಿಸೋಕೆ ಬಂದಿದ್ದ ಹೆಂಗಸರನ್ನೂ ಕೂರಿಸ್ಕಂಡು, ಗಂಡನ ಮನೆ ಬುಟ್ಟೋದ ಹೆಂಗಸಿನ ಕತೆ ಅಂತ ಕೇಳಿದೆ. ಫೋನು ಏನೇನೋ ತೋರಿಸ್ತು. ಒಬ್ಬಳು ಬಾವಿಗೆ ಬಿದ್ದಿದ್ಲು, ಒಬ್ಬಳು ಸೀಮೆಎಣ್ಣೆ ಸುರ್ಕಂಡಿದ್ಲು, ಒಬ್ಬಳು ರೈಲಿಗೆ ಸಿಕ್ಕಿದ್ಲು. ಹೆಂಗಸರು ನೋಡಿ ನೋಡಿ, "ಇದ್ಯಾಕಕ್ಕ, ಮನೆ ಬುಟ್ಟೋದೋರೆಲ್ಲಾ ಸಾಯ್ಲೇಬೇಕಾ" ಅಂದ್ರು. ನಮ್ಮ ಚಿಕ್ಕಮ್ಮ ದಿನಾ ಬೆಳಗ್ಗೆ ನಾಲ್ಕು ಗಂಟೆಗೆ ಎದ್ದು ಇಡ್ಲಿ ಹಿಟ್ಟು ಕಲಸ್ತಿದ್ದಳು, ಅವಳನ್ನ ತೋರಿಸೋ ಕತೆ ಒಂದೂ ಬರ್ಲಿಲ್ಲ.

ಅದಕ್ಕೇ ಕಡೇ ಖಾನೆಗೆ ಇಂಗೆ ಬರ್ಕೊ: ಮನೆ ಬುಟ್ಟೋಗಿ ಚೆನ್ನಾಗಿ ಬದುಕಿದ ಹೆಂಗಸಿನ ಕತೆ.

ಯಾರೂ ಹುಡುಕಾಕಿಲ್ಲ ಅಂತ ಯೋಚ್ನೆ ಮಾಡಬ್ಯಾಡ. ದಿವಸಕ್ಕೆ ಒಂದ್ಸಲ ನಾನೇ ಕೇಳ್ತೀನಿ.

ಇಂತಿ ನಿನ್ನ,
ಪುಟ್ಟಲಕ್ಷ್ಮಮ್ಮ